ಲಾ ಕಾಲೇಜಿನ ಲೈಬ್ರರಿ ಹೊರಗಿನವರಿಗೂ ತೆರೆಯಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಇತ್ತೀಚೆಗೆ ನಿಮ್ಮ ಓದುಗರ ಪತ್ರಗಳ ಪುಟದಲ್ಲಿ ಒಬ್ಬರು ಲಾ ಕಾಲೇಜುಗಳ ಲೈಬ್ರರಿ ಬಗ್ಗೆ ಬರೆದಿದ್ದರು. ತೀರ್ಪು, ಕಾಯ್ದೆ ಎಲ್ಲವೂ ಈಗ ಫೋನಿನಲ್ಲೇ ಸಿಗುತ್ತದೆ. ಮುಂಬಯಿಯಂಥ ಊರಲ್ಲಿ ಒಂದೊಂದು ಚದರ ಅಡಿಗೂ ಬೆಲೆ ಇರುವಾಗ, ಯಾರೂ ಮುಟ್ಟದ ಹಳೇ ಪುಸ್ತಕಗಳಿಗೆ ಇಡೀ ಮಹಡಿ ಬಿಟ್ಟುಕೊಡುವುದು ಯಾಕೆ ಎಂದು ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೆ ಉತ್ತರ ಕೊಡಬೇಕಾದವರು ಯಾರೂ ಕೊಡಲಿಲ್ಲ. ನಾನು ಮುಂಬಯಿಯ ಒಂದು ಲಾ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಕುಂದಾಪುರ ಕಡೆಯವಳು, ಈಗ ಡೊಂಬಿವಲಿಯಲ್ಲಿದ್ದೇನೆ. ಸಂಬಳ ನಿಂತ ಮೇಲೆ ಮಾತಾಡುವ ಧೈರ್ಯ ಸ್ವಲ್ಪ ಜಾಸ್ತಿಯಾಗಿದೆ, ಹಾಗಾಗಿ ಈ ಪತ್ರ. ಉದ್ದವಾಯಿತು ಅನ್ನಿಸಿದರೆ ಕತ್ತರಿಸಿ. ಕೊನೆಯಲ್ಲಿರುವ ಮನವಿಯೊಂದನ್ನು ಮಾತ್ರ ಉಳಿಸಿಕೊಡಿ.

ಆ ಓದುಗರ ಮಾತಿನಲ್ಲಿ ಅರ್ಧ ನಿಜ. ಸುಪ್ರೀಂ ಕೋರ್ಟಿನ ಅಧಿಕೃತ ವರದಿಗಳು, ಅಂದರೆ ತೀರ್ಪುಗಳನ್ನು ಸೇರಿಸಿ ಅಚ್ಚು ಹಾಕುವ ಸಂಪುಟಗಳು, 2023ರ ಜನವರಿಯಿಂದ ಇ-ಎಸ್‌ಸಿಆರ್ ಎಂಬ ಹೆಸರಿನಲ್ಲಿ ಪುಕ್ಕಟೆ ಸಿಗುತ್ತಿವೆ. ತೀರ್ಪುಗಳನ್ನು ಪುಕ್ಕಟೆ ಹುಡುಕಬಹುದಾದ ಇಂಡಿಯನ್ ಕಾನೂನ್ ಸೈಟು 2008ರಿಂದ ಇದೆ. ಅದನ್ನು ತೆರೆಯದ ಜೂನಿಯರ್ ವಕೀಲರು ಇವತ್ತು ಹೈಕೋರ್ಟ್ ಇರುವ ಫೋರ್ಟ್ ಭಾಗದಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಕೇಂದ್ರದ ಕಾಯ್ದೆ, ರಾಜ್ಯಗಳ ಕಾಯ್ದೆ ಸರ್ಕಾರದ ಇಂಡಿಯಾ ಕೋಡ್ ಸೈಟಿನಲ್ಲಿವೆ. ಸುಪ್ರೀಂ ಕೋರ್ಟಿನ ಎಷ್ಟೋ ತೀರ್ಪುಗಳು ಕನ್ನಡದಲ್ಲೂ ಬರುತ್ತಿವೆ. ಇದು ಕಕ್ಷಿದಾರರು ಓದಿ ತಿಳಿದುಕೊಳ್ಳಲಿಕ್ಕೆ ಮಾತ್ರ, ಇಂಗ್ಲಿಷ್ ಪ್ರತಿಯೇ ಅಧಿಕೃತ ಎಂದು ಅದರಲ್ಲೇ ಹೇಳಿರುತ್ತಾರೆ. ಆದರೂ ಊರಲ್ಲಿರುವ ಅಮ್ಮನಿಗೆ ಓದಿ ಹೇಳಲು ಬಹಳ ಉಪಯೋಗ. ಒಂದು ಕಾಲದಲ್ಲಿ ಒಂದೇ ಒಂದು ತೀರ್ಪಿನ ಜೆರಾಕ್ಸಿಗೆ ಮಕ್ಕಳು ಲೈಬ್ರರಿಯಲ್ಲಿ ಸಾಲು ನಿಲ್ಲುತ್ತಿದ್ದರು. ಆ ಸಾಲು ಹೋಯಿತು, ನನಗೆ ಬೇಸರವಿಲ್ಲ.

ಆದರೆ ತೀರ್ಪು ಸಿಗುವುದು ಬೇರೆ, ಅದು ಇವತ್ತಿಗೂ ನಡೆಯುತ್ತದೆಯೇ ಎಂದು ತಿಳಿಯುವುದು ಬೇರೆ. ನಮ್ಮ ಕರ್ನಾಟಕದ್ದೇ ಒಂದು ಉದಾಹರಣೆ ಕೊಡುತ್ತೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾಯಿತು. ಆ ವರ್ಷದ ಸೆಪ್ಟೆಂಬರ್ 9ರಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಬಂತು. ಆ ದಿನ ಅಪ್ಪ ಬದುಕಿರಬೇಕೋ ಬೇಡವೋ? ಕರ್ನಾಟಕದಿಂದ ಹೋದ ಪ್ರಕಾಶ್ ವಿರುದ್ಧ ಫೂಲವತಿ ಕೇಸಿನಲ್ಲಿ ಸುಪ್ರೀಂ ಕೋರ್ಟು 2015ರ ಅಕ್ಟೋಬರಿನಲ್ಲಿ, ಬದುಕಿರಬೇಕು ಎಂದಿತು. 2018ರಲ್ಲಿ ದಾನಮ್ಮ ಕೇಸು ಬಂತು, ಅದೂ ಕರ್ನಾಟಕದ್ದೇ. ಅಲ್ಲಿ 2001ರಲ್ಲೇ ತೀರಿಕೊಂಡಿದ್ದ ಅಪ್ಪನ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಎರಡೂ ತೀರ್ಪು ಇಬ್ಬಿಬ್ಬರು ನ್ಯಾಯಮೂರ್ತಿಗಳ ಪೀಠದ್ದು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸಿನಲ್ಲಿ ಮೂವರ ಪೀಠ ಕೂತು, ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ಅಪ್ಪ ಆ ದಿನ ಬದುಕಿರಬೇಕಾಗಿಲ್ಲ ಎಂದು ಹೇಳಿ ಫೂಲವತಿ ತೀರ್ಪನ್ನು ತಳ್ಳಿಹಾಕಿತು.

ಈಗ ಯಾರೋ ಒಬ್ಬ ತಂಗಿ ಫೋನಿನಲ್ಲಿ ಫೂಲವತಿ ತೀರ್ಪೊಂದನ್ನೇ ಓದುತ್ತಾಳೆ ಅಂದುಕೊಳ್ಳಿ. ಅಪ್ಪ ಮೊದಲೇ ಹೋಗಿಬಿಟ್ಟರು, ನನಗೇನೂ ಇಲ್ಲ ಅಂದುಕೊಂಡು ಅಣ್ಣ ಚಾಚಿದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾಳೆ. ಆ ತೀರ್ಪಿನ ಪುಟ ಈಗಲೂ ಅಲ್ಲೇ ಇದೆ. ಕೆಳಗೆ ಆಮೇಲಿನ ತೀರ್ಪುಗಳ ದೊಡ್ಡ ಪಟ್ಟಿ ಇರುತ್ತದೆ, ಆದರೆ ಆ ಪಟ್ಟಿಯಲ್ಲಿ ಯಾವುದು ಇದನ್ನು ಒಪ್ಪಿತು, ಯಾವುದು ತಳ್ಳಿತು ಎಂದು ಓದುವವರೇ ತೆರೆದು ನೋಡಬೇಕು. ದುಡ್ಡು ಕೊಟ್ಟು ತರಿಸುವ ಎಸ್‌ಸಿಸಿ ಆನ್‌ಲೈನ್, ಮನುಪಾತ್ರದಂಥ ಡೇಟಾಬೇಸುಗಳಲ್ಲಿ ಇದಕ್ಕೆ ಗುರುತು ಹಾಕಿರುತ್ತಾರೆ. ಪುಸ್ತಕದ ಕಾಲದಲ್ಲಿ ತೀರ್ಪುಗಳ ಸಾರವನ್ನು ವಿಷಯವಾರು ಜೋಡಿಸಿದ ಡೈಜೆಸ್ಟ್ ನೋಡುತ್ತಿದ್ದೆವು. ಹೊಸದಾಗಿ ಸೇರಿದ ಮಕ್ಕಳಿಗೆ ಲೈಬ್ರರಿಯಲ್ಲಿ ಮೊದಲು ಹೇಳಿಕೊಡುತ್ತಿದ್ದುದೇ ಇದು. ತೀರ್ಪು ಸಿಕ್ಕಿತು ಅಂತ ಕುಣಿಯಬೇಡ, ಆಮೇಲೆ ಅದರ ಗತಿ ಏನಾಯಿತು ನೋಡು.

ಇನ್ನೊಂದು ಅಭ್ಯಾಸ ಬಿಡಿಸುವುದು ಕಷ್ಟ. ಮಕ್ಕಳು ತೀರ್ಪಿನ ಮೇಲೆ ಅಚ್ಚಾಗುವ ಸಾರಾಂಶ, ಅಂದರೆ ಹೆಡ್‌ನೋಟ್ ಮಾತ್ರ ಓದಿ ಅದನ್ನೇ ತೀರ್ಪು ಎಂದು ಬರೆದುಬಿಡುತ್ತಾರೆ. ಹೆಡ್‌ನೋಟ್ ಬರೆಯುವವರು ಜಡ್ಜ್ ಅಲ್ಲ, ಪ್ರಕಾಶನದ ಸಂಪಾದಕರು. ಇದರ ಬಗ್ಗೆಯೇ ಒಂದು ಕೇಸು ಇದೆ, ಈಸ್ಟರ್ನ್ ಬುಕ್ ಕಂಪನಿ ವಿರುದ್ಧ ಡಿ.ಬಿ. ಮೋದಕ್. 2007ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಕೋರ್ಟಿನ ತೀರ್ಪು ಎಲ್ಲರದ್ದು, ಯಾರು ಬೇಕಾದರೂ ಅಚ್ಚು ಹಾಕಬಹುದು. ಹೆಡ್‌ನೋಟ್ ಮತ್ತು ಸಂಪಾದಕರು ತಲೆ ಖರ್ಚು ಮಾಡಿ ಸೇರಿಸಿದ ಭಾಗ ಮಾತ್ರ ಪ್ರಕಾಶಕರ ಸ್ವತ್ತು. ಇದನ್ನು ಹೇಳಿದ ಮೇಲೂ ಹೆಡ್‌ನೋಟ್ ಓದುವವರು ಅದನ್ನೇ ಓದುತ್ತಾರೆ ಬಿಡಿ.

ಈಗ ಅದಕ್ಕೂ ಬೇಸರವಾಗಿ ಎಐ ಕೇಳುತ್ತಾರೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಹೇಳಿದ ಕೇಸುಗಳನ್ನು ಹಾಗೆಯೇ ಕೋರ್ಟಿಗೆ ಕೊಟ್ಟರು. ಆ ಕೇಸುಗಳು ಇರಲೇ ಇಲ್ಲ. 5,000 ಡಾಲರ್ ದಂಡ ಬಿತ್ತು. ಆ ಸೈಟೇಶನ್ ಹಿಡಿದುಕೊಂಡು ಅವರು ಯಾವುದಾದರೂ ಲಾ ಕಾಲೇಜಿನ ಲೈಬ್ರರಿಗೆ ಹೋಗಿ, ಈ ವಾಲ್ಯೂಮ್ ಕೊಡಿ, ಈ ಪುಟ ತೆಗೆಯಿರಿ ಅಂದಿದ್ದರೆ ಐದು ನಿಮಿಷದಲ್ಲಿ ಬಣ್ಣ ಬಯಲಾಗುತ್ತಿತ್ತು.

ಇನ್ನು ಹಳೇ ಪುಸ್ತಕದ ವಿಷಯ. ಇಲ್ಲಿ ನನಗೆ ಹೇಳಲಿಕ್ಕೆ ಬಹಳ ಇದೆ.

ಮುಂಬಯಿ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಊರಲ್ಲಿ ಒಂದಿಷ್ಟು ಜಾಗ ಇದೆ. ಜಾಗದ ಜೊತೆಗೆ ಒಂದು ತಕರಾರೂ ಇದೆ. ದುಡಿಮೆ ಇಲ್ಲಿ, ಕೇಸು ಅಲ್ಲಿ. ಆ ಕೇಸಿನ ಬೇರು ಎಷ್ಟೋ ಸಲ 1956ಕ್ಕಿಂತ ಹಿಂದಕ್ಕೆ ಹೋಗುತ್ತದೆ. 1956ರ ನವೆಂಬರ್ 1ಕ್ಕೆ ಮೊದಲು ಈಗಿನ ಕರ್ನಾಟಕ ಒಂದೇ ಆಡಳಿತದಲ್ಲಿ ಇರಲಿಲ್ಲ, ಅಲ್ವಾ? ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಬೊಂಬಾಯಿಗೆ ಸೇರಿದ್ದವು. ಈಗಿನ ಉಡುಪಿಯೂ ಸೇರಿ ದಕ್ಷಿಣ ಕನ್ನಡ ಮದ್ರಾಸಿನಲ್ಲಿತ್ತು. ಕಲಬುರಗಿ, ಬೀದರ, ರಾಯಚೂರು ಹೈದರಾಬಾದಿನಲ್ಲಿದ್ದವು, ಅಲ್ಲಿ ಕೋರ್ಟಿನ ಭಾಷೆಯೇ ಉರ್ದು. ಬಳ್ಳಾರಿ ಮದ್ರಾಸಿನಿಂದ ಮೈಸೂರಿಗೆ 1953ರಲ್ಲೇ ಬಂತು. ಕೊಡಗು ತನ್ನದೇ ಪಾಡಿಗೆ ಬೇರೆ ಇತ್ತು. ರಾಜ್ಯ ಒಂದಾದ ದಿನವೇ ಕಾನೂನೆಲ್ಲ ಒಂದಾಗಲಿಲ್ಲ. ಹಳೇ ಪ್ರಾಂತ್ಯದ ಕಾಯ್ದೆಗಳು ಆಯಾ ಜಿಲ್ಲೆಯಲ್ಲಿ ಎಷ್ಟೋ ವರ್ಷ ಹಾಗೆಯೇ ನಡೆದವು.

ಹಾಗಾಗಿ ಲೈಬ್ರರಿಗೆ ಬಂದವರನ್ನು ನಾನು ಮೊದಲು ಕೇಳುತ್ತಿದ್ದುದು, ನಿಮ್ಮ ಊರು ಯಾವುದು ಅಂತ. ಕೆಲವರಿಗೆ ಇದು ವಿಚಿತ್ರ ಅನ್ನಿಸುತ್ತಿತ್ತು, ಸಂಬಂಧ ಹುಡುಕುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರೋ ಏನೋ. ಭಟ್ಕಳದವರಾದರೆ ಐಎಲ್‌ಆರ್ (ಇಂಡಿಯನ್ ಲಾ ರಿಪೋರ್ಟ್ಸ್) ಬಾಂಬೆ, ಅದು 1876ರಿಂದ ಇದೆ. ಜೊತೆಗೆ 1899ರಲ್ಲಿ ಶುರುವಾದ ಬಾಂಬೆ ಲಾ ರಿಪೋರ್ಟರ್. ಬೈಂದೂರಿನವರಾದರೆ ಐಎಲ್‌ಆರ್ ಮದ್ರಾಸ್ ಮತ್ತು 1891ರಿಂದ ಬಂದ ಮದ್ರಾಸ್ ಲಾ ಜರ್ನಲ್. ಭಟ್ಕಳದಿಂದ ಬೈಂದೂರಿಗೆ ಬಸ್ಸು ಹತ್ತಿದರೆ ಟಿಕೆಟ್ ತೆಗೆದು ಕೂರುವಷ್ಟರಲ್ಲಿ ಇಳಿಯಬೇಕು. ಲೈಬ್ರರಿಯಲ್ಲಿ ಮಾತ್ರ ಒಂದು ಈ ಗೋಡೆಗೆ, ಇನ್ನೊಂದು ಆ ಗೋಡೆಗೆ. ಮುಂಬಯಿಯ ಹಳೇ ಕಾಲೇಜುಗಳಲ್ಲಿ ಬಾಂಬೆಯ ವರದಿಗಳಿಗೆ ಬರವಿಲ್ಲ. ಮದ್ರಾಸಿನದ್ದೇ ಕಷ್ಟ. ಯಾರೋ ಪುಣ್ಯಾತ್ಮರು ಹಿಂದೆ ತರಿಸಿಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇರುವ ಕಡೆಯಲ್ಲೂ ಚರ್ಮದ ಬೈಂಡಿಂಗ್ ಹಳತಾಗಿ, ಮುಟ್ಟಿದರೆ ಕೈಗೆಲ್ಲ ಕೆಂಪು ಪುಡಿ ಹತ್ತುತ್ತದೆ. ಮುಂಬಯಿಯ ಮಳೆಗಾಲದ ತೇವ ಅವಕ್ಕೆ ದೊಡ್ಡ ಶತ್ರು.

ಮದ್ರಾಸಿನ ಹಳೇ ವರದಿ ಈಗ ಯಾರಿಗೆ ಬೇಕು ಎಂದು ಕೇಳಬಹುದು. ನಾನು ಕೆಲಸದಲ್ಲಿದ್ದಾಗ ಭಾಂಡುಪಿನಿಂದ ಒಬ್ಬರು ಹೆಂಗಸು ಬಂದಿದ್ದರು. ಅವರ ಸೋದರಮಾವ ಇಲ್ಲಿ ಹೋಟೆಲಿನಲ್ಲಿ ದುಡಿದು ಇಲ್ಲೇ ತೀರಿಕೊಂಡವರು. ಊರಿನ ಕೋರ್ಟಿನಿಂದ ಪಾಲಿನ ದಾವೆಯ ನೋಟಿಸು ಬಂದಿತ್ತು. ಕಾಗದವನ್ನು ನನ್ನ ಮೇಜಿನ ಮೇಲೆ ಹರಡಿ, "ಅಕ್ಕ, ಇದ್ರಲ್ಲಿ ಕವರು ಕವರು ಅಂತ ಬರ್ದಿದ್ದಾರೆ. ನಾನು ಯಾವ ಕವರು?" ಎಂದು ಕೇಳಿದರು.

ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಉಳಿದವರಿಗಾಗಿ ಎರಡು ಮಾತು. ಅಳಿಯಸಂತಾನದಲ್ಲಿ ಮನೆತನ ನಡೆಯುವುದು ಹೆಣ್ಣಿನ ಕಡೆಯಿಂದ. ಇಡೀ ಮನೆತನ ಕುಟುಂಬ, ಅದರೊಳಗೆ ಒಬ್ಬ ಹೆಣ್ಣಿನಿಂದ ಇಳಿದು ಬಂದ ಕವಲು ಕವರು. ಒಂದು ಕಾಲದಲ್ಲಿ ಎಲ್ಲರೂ ಒಪ್ಪದೆ ಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕೇ ಇರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಆ ಹಕ್ಕು ಕೊಟ್ಟಿತು. ಮುಂದೆ ಹೆಣ್ಣುಸಂತತಿ ನಡೆಯದ ಕವರಿಗೆ ಕೆಲವು ಸಂದರ್ಭಗಳಲ್ಲಿ ಬದುಕಿರುವ ತನಕ ಅನುಭವಿಸುವ ಹಕ್ಕು ಮಾತ್ರ. ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಕುಟುಂಬದಲ್ಲಿ ಪಾಲಾಗದೆ ಉಳಿದ ಹಕ್ಕು ಇರುವವರು ಸತ್ತರೆ, ಆ ಹಕ್ಕು ಅಳಿಯಸಂತಾನದ ಪ್ರಕಾರ ಹೋಗುವುದಿಲ್ಲ, ಈ ಹೊಸ ಕಾಯ್ದೆಯ ಪ್ರಕಾರ ಹೋಗುತ್ತದೆ ಎಂದು ಅದರ 7ನೇ ಸೆಕ್ಷನ್ನಿನ 2ನೇ ಉಪಸೆಕ್ಷನ್ ಹೇಳುತ್ತದೆ. ಹಳೇ ಕಾಯ್ದೆ, ಹೊಸ ಕಾಯ್ದೆ ಎರಡೂ ಒಟ್ಟಿಗೆ ಹೇಗೆ ಕೂರುತ್ತವೆ ಎಂಬ ಜಗಳ ಸುಪ್ರೀಂ ಕೋರ್ಟಿನ ತನಕ ಹೋಯಿತು. ಜಲಜ ಶೆಡ್ತಿ ವಿರುದ್ಧ ಲಕ್ಷ್ಮಿ ಶೆಡ್ತಿ, 1973.

ಈಗ ಲೆಕ್ಕ ಹಾಕಿ. ಆ ಹೆಂಗಸಿನ ಒಂದು ಪ್ರಶ್ನೆಗೆ 1949ರ ಮದ್ರಾಸ್ ಕಾಯ್ದೆಯ ಪಠ್ಯ ಬೇಕು. ಅದಕ್ಕಿಂತ ಹಿಂದಿನ ಪದ್ಧತಿ ತಿಳಿಯಲು ಮದ್ರಾಸ್ ಹೈಕೋರ್ಟಿನ ಹಳೇ ವರದಿ ಬೇಕು. 1956ರ ನಂತರದ್ದಕ್ಕೆ ಮೈಸೂರು ಹೈಕೋರ್ಟಿನ ವರದಿ ಬೇಕು. ಆಮೇಲೆ ಸುಪ್ರೀಂ ಕೋರ್ಟು. ಮುಂಬಯಿಯ ಕಾಲೇಜಿನಲ್ಲಿ ಇವೆಲ್ಲ ಒಂದೇ ಕಡೆ ಇರುತ್ತವೆಯೇ? ಕೆಲವು ನಮ್ಮಲ್ಲಿದ್ದವು. ಇಲ್ಲದ ವಾಲ್ಯೂಮಿಗೆ ಇನ್ನೊಂದು ಕಾಲೇಜಿನ ಲೈಬ್ರರಿಯವರಿಗೆ ಫೋನ್ ಮಾಡಿದೆ, ಅವರು ಬೇಕಾದ ಪುಟಗಳ ಪ್ರತಿ ಕಳಿಸಿದರು. ಲೈಬ್ರರಿಗಳ ನಡುವೆ ಈ ಕೊಡುಕೊಳ್ಳುವಿಕೆ ಮೊದಲಿನಿಂದಲೂ ಇದೆ. ಹೊರಗಿನವರಿಗೆ ಗೊತ್ತಿಲ್ಲ ಅಷ್ಟೆ. ಕೇಳಿದರೆ ಮಾಡಿಕೊಡುತ್ತಾರೆ, ಕೇಳುವವರು ಕಡಿಮೆ. ತೀರ್ಪಿನ ಪ್ರತಿ ತೆಗೆಯಲು ಕಾಪಿರೈಟ್ ಅಡ್ಡ ಬರುವುದಿಲ್ಲ, 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲೇ ಅದಕ್ಕೆ ವಿನಾಯಿತಿ ಇದೆ. ಆಕೆ ಆ ಪ್ರತಿಗಳನ್ನು ಊರಿನ ವಕೀಲರಿಗೆ ಕಳಿಸಿದರು. ನೀವು ಯಾವ ಕವರು ಎಂದು ನಾನು ಹೇಳಲಿಲ್ಲ. ಅದು ವಕೀಲರ ಕೆಲಸ. ಪುಸ್ತಕ ತೆಗೆದು ಪುಟ ತೋರಿಸುವ ತನಕ ನಮ್ಮ ಕೆಲಸ, ಅದರಿಂದಾಚೆ ಒಂದು ಹೆಜ್ಜೆ ಇಟ್ಟರೂ ತಪ್ಪು.

ಗೇಣಿದಾರರು ಅರ್ಜಿ ಹಾಕಿ ಪಡೆದ ಭೂಮಿ, ನಮ್ಮ ಕಡೆಯ ಮಾತಲ್ಲಿ ಡಿಕ್ಲರೇಶನ್ ಜಾಗ, ಅದರ ತಕರಾರು ಇದಕ್ಕಿಂತ ಜಾಸ್ತಿ ಬರುತ್ತಿತ್ತು. ಕರ್ನಾಟಕ ಭೂಸುಧಾರಣಾ ಕಾಯ್ದೆ 1961ರದ್ದು. ಗೇಣಿದಾರನಿಗೆ ಭೂಮಿ ಕೊಟ್ಟ ದೊಡ್ಡ ತಿದ್ದುಪಡಿ ಜಾರಿಯಾದದ್ದು 1974ರ ಮಾರ್ಚ್ 1ರಂದು. 7ನೇ ನಮೂನೆಯ ಅರ್ಜಿಗೆ 1979ರ ಜೂನ್ 30 ಕಡೇ ದಿನ. ಅಜ್ಜ ಅರ್ಜಿ ಹಾಕಿದ್ದರೋ ಇಲ್ಲವೋ ಎಂಬ ದಾಖಲೆ ಊರಿನ ತಾಲ್ಲೂಕು ಕಚೇರಿಯಲ್ಲೇ ಹುಡುಕಬೇಕು, ನಮ್ಮಲ್ಲಿ ಸಿಗುವುದಿಲ್ಲ. ಆದರೆ ಆವತ್ತು ಇದ್ದ ಕಾಯ್ದೆಯ ಪಠ್ಯ ಬೇಕಲ್ಲ! ಇವತ್ತಿನ ಪಠ್ಯ ಸೈಟಿನಲ್ಲಿ ಸಿಗುತ್ತದೆ. 1974ರಲ್ಲಿ ಆ ಸೆಕ್ಷನ್ ಹೇಗಿತ್ತು ಎಂದು ನೋಡಲು ಆ ಕಾಲದಲ್ಲಿ ಅಚ್ಚಾದ ಪುಸ್ತಕವೇ ಬೇಕು. ಹೊಸ ಎಡಿಶನ್ ಬಂತು ಎಂದು ಹಳೇದನ್ನು ಎಸೆಯುವ ಲೈಬ್ರರಿಯವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗಲೂ ಇದೇ ಆಯಿತು. 1860ರ ದಂಡಸಂಹಿತೆ ಮುಗಿಯಿತು, ಮೋಸಕ್ಕಿದ್ದ 420ನೇ ಸೆಕ್ಷನ್ ಹೋಗಿ 318(4) ಬಂತು, ಇನ್ನು ಕಾಯ್ದೆ ವಿವರಿಸುವ ಹಳೇ ಕಾಮೆಂಟರಿಗಳು ಯಾಕೆ ಅಂದರು. ಅದಕ್ಕೆ ಮೊದಲು ನಡೆದ ಅಪರಾಧಗಳಿಗೆ ಹಳೇ ಕಾನೂನೇ. ಆ ಕೇಸುಗಳು ಅಪೀಲು ಅದು ಇದು ಅಂತ ಇನ್ನೂ ಬಹಳ ವರ್ಷ ನಡೆಯುತ್ತವೆ.

ಊರು ನೋಡಿ ಕಪಾಟು ಹುಡುಕುವುದು ಕರ್ನಾಟಕದವರಿಗೆ ಮಾತ್ರ ಅಂದುಕೊಳ್ಳಬೇಡಿ. ವಾಸ್ಕೋದಲ್ಲಿ ನಮ್ಮವರು ಎಷ್ಟೊಂದು ಜನ ಇದ್ದಾರೆ. ಗೋವಾದಲ್ಲಿ ಮದುವೆ, ಕುಟುಂಬದ ವಿಷಯಕ್ಕೆ 1867ರ ಪೋರ್ಚುಗೀಸ್ ಸಿವಿಲ್ ಕೋಡ್ ಇವತ್ತಿಗೂ ಮುಖ್ಯ. ಉತ್ತರಾಧಿಕಾರಕ್ಕೆ ಅಲ್ಲಿಯದೇ 2012ರ ಕಾಯ್ದೆ ಇದೆ. ಅಂಥ ಪ್ರಶ್ನೆ ಬಂದರೆ ನಾನು ಸೀದಾ ಗೋವಾದ ಲಾ ಕಾಲೇಜಿನ ಲೈಬ್ರರಿಯಲ್ಲಿ ಕೇಳಿ ಅನ್ನುತ್ತಿದ್ದೆ.

ಇಷ್ಟೆಲ್ಲ ಇದ್ದು, ಭಾಂಡುಪಿನ ಆ ಹೆಂಗಸು ಒಳಗೆ ಬಂದದ್ದೇ ದೊಡ್ಡ ಸಾಹಸ. ಗೇಟಿನಲ್ಲಿ ಸೆಕ್ಯುರಿಟಿಯವನು ಕಾಲೇಜಿನ ಐಡಿ ಕೇಳಿದ. ಅವನ ತಪ್ಪೇನೂ ಇಲ್ಲ, ಅವನಿಗೆ ಹೇಳಿದ್ದೇ ಹಾಗೆ. ಆಕೆ ಗೇಟಿನಲ್ಲೇ ನಿಂತಿದ್ದಾಗ ಕನ್ನಡದಲ್ಲಿ ಫೋನ್ ಮಾಡುತ್ತಿದ್ದುದು ನನ್ನ ಕಿವಿಗೆ ಬಿತ್ತು, ಪ್ರಿನ್ಸಿಪಾಲರ ಹತ್ತಿರ ಹೋಗಿ ಒಪ್ಪಿಗೆ ತೆಗೆದುಕೊಂಡೆ. ನಾನು ಆ ಹೊತ್ತಿಗೆ ಅಲ್ಲಿ ಹಾದುಹೋಗದಿದ್ದರೆ ಆಕೆ ವಾಪಸ್ ಲೋಕಲ್ ಹತ್ತುತ್ತಿದ್ದರು. ಹೊರಗಿನವರ ಮಾತು ಬಿಡಿ, ಅಲ್ಲೇ ಓದಿ ಸನ್ನದು ತೆಗೆದುಕೊಂಡ ಹುಡುಗರಿಗೂ ಫಲಿತಾಂಶದ ಮರುದಿನದಿಂದ ಬಾಗಿಲು ಬಂದ್. ಹಗಲಿಗೆ ಹೋಟೆಲಿನಲ್ಲಿ ಕೆಲಸ ಮಾಡಿ, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮುಂದೆ ವಕೀಲರಾದವರು ಈ ಊರಲ್ಲಿ ಎಷ್ಟು ಜನ! ಅಂಥ ಮನೆಯ ಹುಡುಗನೊಬ್ಬ ಈಗ ಸೀನಿಯರ್ ಹತ್ತಿರ ಜೂನಿಯರ್ ಆಗಿದ್ದರೆ, ಅವನಿಗೆ ಸಿಗುವ ದುಡ್ಡು ಲೋಕಲ್ ಪಾಸಿಗೂ ವಡಾಪಾವಿಗೂ ಸರಿಹೋಗುತ್ತದೆ. ಡೇಟಾಬೇಸಿನ ಚಂದಾ ಅವನೆಲ್ಲಿ ಕಟ್ಟುತ್ತಾನೆ?

ಇದಕ್ಕೆ ಕಾಲೇಜಿನವರು ಹೇಳುವ ಕಾರಣಗಳು ನನಗೆ ಬಾಯಿಪಾಠ. ಜಾಗ ಇಲ್ಲ, ಪುಸ್ತಕ ಕಳುವಾಗುತ್ತದೆ, ಲೈಸೆನ್ಸ್ ಒಪ್ಪುವುದಿಲ್ಲ. ಪರೀಕ್ಷೆಯ ತಿಂಗಳಲ್ಲಿ ಜಾಗ ಇರುವುದಿಲ್ಲ, ನಿಜ. ಉಳಿದ ತಿಂಗಳಲ್ಲಿ ಮಧ್ಯಾಹ್ನ ಎರಡರ ಮೇಲೆ ಹೋಗಿ ನೋಡಿ, ಫ್ಯಾನು ಸುಮ್ನೆ ತಿರುಗುತ್ತಿರುತ್ತದೆ. ಬೆಳಗಿನ ಕ್ಲಾಸು ಮುಗಿಸಿ ಮಕ್ಕಳೆಲ್ಲ ಇಂಟರ್ನ್‌ಶಿಪ್ಪಿಗೆ ಓಡಿರುತ್ತಾರೆ. ಕಳುವಿನ ಭಯಕ್ಕೆ ಪುಸ್ತಕ ಮನೆಗೆ ಕೊಡಬೇಡಿ, ಅಲ್ಲೇ ಕೂತು ಓದಲು ಬಿಡಿ. ಆಧಾರ್ ತೋರಿಸಿ, ರಿಜಿಸ್ಟರಿನಲ್ಲಿ ಹೆಸರು ಬರೆದು, ಸಣ್ಣ ಶುಲ್ಕ ಕೊಟ್ಟು ಒಂದು ದಿನದ ಪಾಸು. ಇದಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ.

ಲೈಸೆನ್ಸಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಡೇಟಾಬೇಸುಗಳು ಹೆಚ್ಚಾಗಿ ಕಾಲೇಜಿನ ನೆಟ್‌ವರ್ಕಿನ ವಿಳಾಸ (ಐಪಿ) ನೋಡಿ ತೆರೆದುಕೊಳ್ಳುತ್ತವೆ. ಹೊರಗಿನಿಂದ ಬಳಸಲು ಮಕ್ಕಳಿಗೆ, ಮೇಷ್ಟ್ರುಗಳಿಗೆ ಬೇರೆ ಲಾಗಿನ್ ಇರುತ್ತದೆ. ಆ ಲಾಗಿನ್ ಹೊರಗಿನವರಿಗೆ ಕೊಡುವಂತಿಲ್ಲ, ಕೊಡಲೂಬಾರದು. ಆದರೆ ಲೈಬ್ರರಿಯೊಳಗೆ ಬಂದು ಅಲ್ಲಿನ ಕಂಪ್ಯೂಟರಿನಲ್ಲೇ ನೋಡುವವರಿಗೆ ವಾಕ್-ಇನ್ ಯೂಸರ್ ಎಂಬ ಷರತ್ತು ಶಿಕ್ಷಣ ಸಂಸ್ಥೆಗಳ ಕರಾರಿನಲ್ಲಿ ಹಾಕಿಸಿಕೊಳ್ಳಬಹುದು. ಬೇರೆ ದೇಶಗಳಲ್ಲಿ ಇದು ಮಾಮೂಲು. ಅಮೆರಿಕದಲ್ಲಿ ಸರ್ಕಾರದ ಪ್ರಕಟಣೆಗಳನ್ನು ಪುಕ್ಕಟೆ ಪಡೆಯುವ ಡಿಪಾಸಿಟರಿ ಲೈಬ್ರರಿಗಳು, ಲಾ ಸ್ಕೂಲಿನವೂ ಸೇರಿ, ಆ ಪ್ರಕಟಣೆಗಳನ್ನು ಸಾರ್ವಜನಿಕರಿಗೆ ನೋಡಲು ಬಿಡಲೇಬೇಕು. ನಮ್ಮಲ್ಲಿ ಚಂದಾ ನವೀಕರಿಸುವಾಗ ಕಂಪನಿಯವರ ಹತ್ತಿರ ಇದನ್ನು ಕೇಳುವವರೇ ಇಲ್ಲ. ರೇಟು ಎಷ್ಟು ಇಳಿಸುತ್ತೀರಿ ಎಂಬ ಚೌಕಾಶಿಯಲ್ಲೇ ಮೀಟಿಂಗು ಮುಗಿಯುತ್ತದೆ.

ದುಡ್ಡಿನ ಕಥೆಯೂ ಅಷ್ಟೆ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮಗಳಲ್ಲಿ, ಒಂದು ಬಗೆಯ ಕೋರ್ಸು ನಡೆಸುವ ಕಾಲೇಜು ಲೈಬ್ರರಿಗೆ ವರ್ಷಕ್ಕೆ ಕನಿಷ್ಠ 50,000 ರೂಪಾಯಿ, ಮೂರು ವರ್ಷದ್ದು ಐದು ವರ್ಷದ್ದು ಎರಡೂ ನಡೆಸಿದರೆ 1 ಲಕ್ಷ ರೂಪಾಯಿ ಹಾಕಬೇಕು ಎಂದಿದೆ. ಹಳೇ ವಾಲ್ಯೂಮುಗಳು ಕನಿಷ್ಠ 10 ವರ್ಷದ್ದು ಇದ್ದರೆ ಸಾಕು. ಈ ಕನಿಷ್ಠವನ್ನೇ ಎಷ್ಟೋ ಆಡಳಿತ ಮಂಡಳಿಗಳು ಗರಿಷ್ಠ ಎಂದು ಓದಿಕೊಂಡಿವೆ. 10 ವರ್ಷದ ಎಐಆರ್ (ಆಲ್ ಇಂಡಿಯಾ ರಿಪೋರ್ಟರ್) ಇಟ್ಟುಕೊಂಡು ಕೂತ ಹೊಸ ಕಾಲೇಜಿನಲ್ಲಿ 1949ರ ಮದ್ರಾಸ್ ಕಾಯ್ದೆ ಎಲ್ಲಿಂದ ಬರಬೇಕು? ಅದಕ್ಕೇ ಹಳೇ ಕಾಲೇಜುಗಳ ಜವಾಬ್ದಾರಿ ಜಾಸ್ತಿ. ಚರ್ಚ್‌ಗೇಟಿನ ಸರ್ಕಾರಿ ಲಾ ಕಾಲೇಜು 1855ರದ್ದು, ಡಾ. ಅಂಬೇಡ್ಕರ್ ಅವರು 1935ರಲ್ಲಿ ಪ್ರಿನ್ಸಿಪಾಲರಾದ ಕಾಲೇಜು. ಪುಣೆಯ ಐಎಲ್‌ಎಸ್ 1924ರದ್ದು. ಇಂಥ ಕಾಲೇಜುಗಳ ಕಾಲದ ವರದಿಗಳ ಪೂರ್ತಿ ಸೆಟ್ಟು ಈಗ ದುಡ್ಡು ಕೊಟ್ಟರೂ ಪೇಟೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಕಾಲೇಜುಗಳಲ್ಲಿ ಕಾನೂನು ನೆರವು ಕೇಂದ್ರ ಇರಬೇಕು ಎಂಬ ನಿಯಮವೂ ಇದೆ. ಅಲ್ಲಿಗೆ ಬಂದವರನ್ನು ಲೈಬ್ರರಿಗೂ ಕರೆದುಕೊಂಡು ಬಂದು ಮಕ್ಕಳಿಂದ ಹುಡುಕಿಸಿದರೆ, ಮಕ್ಕಳಿಗೂ ಪಾಠ, ಬಂದವರಿಗೂ ಅನುಕೂಲ. ಹೆಂಗಸರಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಮಹಿಳೆಯರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದಿದೆ. 15100ಕ್ಕೆ ಫೋನ್ ಮಾಡಿ ಕೇಳಬಹುದು.

ಇನ್ನು ನಮ್ಮ ಕನ್ನಡ ಸಂಘಗಳಿಗೆ. ಬೇಸರ ಮಾಡಿಕೊಳ್ಳಬೇಡಿ. ವರ್ಷಕ್ಕೆ ಎಷ್ಟು ಸನ್ಮಾನ ನಡೆಸುತ್ತೀರಿ! ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ನನಗೂ ಒಂದು ಆಗಿದೆ, ಬೇಡ ಅನ್ನಲಿಲ್ಲ. ಅದರಲ್ಲಿ ಒಂದೆರಡು ಸನ್ಮಾನ ಕಡಿಮೆ ಮಾಡಿ, ಆ ದುಡ್ಡಿನಲ್ಲಿ ಮುಂಬಯಿಯ ಯಾವುದಾದರೂ ಲಾ ಕಾಲೇಜಿನಲ್ಲಿ ಒಂದು ಕರ್ನಾಟಕ ಕಪಾಟು ಇಡಿಸಿ. ಕರ್ನಾಟಕದ ಭೂಸುಧಾರಣೆ, ಭೂಕಂದಾಯ ಕಾಯ್ದೆಗಳ ಒಳ್ಳೆಯ ಕಾಮೆಂಟರಿ, ಐಎಲ್‌ಆರ್ ಕರ್ನಾಟಕ, ಕರ್ನಾಟಕ ಲಾ ಜರ್ನಲ್, ಅಳಿಯಸಂತಾನದ ಪುಸ್ತಕಗಳು. ಮಹಾರಾಷ್ಟ್ರದ ಕಾಲೇಜು ತನ್ನ ದುಡ್ಡಿನಲ್ಲಿ ಇವನ್ನು ತರಿಸುವುದಿಲ್ಲ, ತರಿಸಬೇಕೆಂದು ನಾವು ಜಗಳ ಮಾಡಲೂ ಆಗುವುದಿಲ್ಲ. ಕೊಡುವಾಗ ಒಂದು ಷರತ್ತು ಮಾತ್ರ ಬರವಣಿಗೆಯಲ್ಲಿ ಹಾಕಿಸಿಕೊಳ್ಳಿ. ಈ ಕಪಾಟು ನೋಡಲು ಬರುವ ಯಾರನ್ನೂ ಗೇಟಿನಿಂದ ವಾಪಸ್ ಕಳಿಸಬಾರದು.

ಕೊನೆಗೆ ನಾನು ಮೊದಲೇ ಹೇಳಿದ ಮನವಿ. ನಮ್ಮಲ್ಲಿ ಹಿರಿಯ ವಕೀಲರು ತೀರಿಕೊಂಡಾಗ ಮನೆಯವರು ಮೊದಲು ಖಾಲಿ ಮಾಡುವುದು ಪುಸ್ತಕದ ಕಪಾಟನ್ನು. ರದ್ದಿವಾಲಾ ಬಂದು ಕಿಲೋ ಲೆಕ್ಕದಲ್ಲಿ ತೂಗಿಕೊಂಡು ಹೋಗುತ್ತಾನೆ. ಅವನನ್ನು ಕರೆಯುವ ಮೊದಲು ಪುಸ್ತಕದ ಬೆನ್ನಿನ ಮೇಲೆ ಏನು ಬರೆದಿದೆ ನೋಡಿ. ಮದ್ರಾಸ್, ಮೈಸೂರು, ಹೈದರಾಬಾದ್ ಎಂದು ಇದ್ದು, ವರ್ಷ 1956ಕ್ಕಿಂತ ಹಿಂದಿನದಾದರೆ ದಯವಿಟ್ಟು ಪಕ್ಕಕ್ಕಿಡಿ. ಒಂದೊಂದೇ ಬಿಡಿ ವಾಲ್ಯೂಮ್ ಆದರೂ ಪರವಾಗಿಲ್ಲ, ಎಲ್ಲೋ ಒಂದು ಕಾಲೇಜಿನ ಸೆಟ್ಟಿನಲ್ಲಿ ಅದೇ ವರ್ಷದ್ದು ಇಲ್ಲದೆ ಇರಬಹುದು. ಹತ್ತಿರದ ಲಾ ಕಾಲೇಜಿನ ಲೈಬ್ರರಿಗೆ ಫೋನ್ ಮಾಡಿ ವರ್ಷ, ವಾಲ್ಯೂಮ್ ನಂಬರ್ ಎರಡನ್ನೂ ಓದಿ ಹೇಳಿ. ಒದ್ದೆಯಾಗಿದ್ದರೆ ಬಿಸಿಲಿಗೆ ಒಣಗಿಸಬೇಡಿ, ಹಾಳೆ ಸುರುಟುತ್ತದೆ. ಫ್ಯಾನಿನ ಕೆಳಗೆ ನಿಲ್ಲಿಸಿಟ್ಟರೆ ಸಾಕು.

ಇತಿ ತಮ್ಮ ಓದುಗರಲ್ಲೊಬ್ಬಳು,
ನಿವೃತ್ತ ಲೈಬ್ರರಿ ಸಿಬ್ಬಂದಿ
ಡೊಂಬಿವಲಿ ಪೂರ್ವ